ಒಳ್ಳೆಮೆಣಸು ಮಾರಿ ತಂದ ರಷ್ಯಾದ ಲೆನ್ಸು

(ಈ ವಾರದ ಪಾಡ್‌ಕಾಸ್ಟ್‌ನ ಲಿಖಿತ ರೂಪ)

ಬಸ್ಸಿನಲ್ಲಿ ಕೂತು ಕೇಳ್ತಾ ಇದ್ದೀರೋ, ಮನೆಯಲ್ಲಿ ಅಡಿಕೆ ಸುಲಿಯುತ್ತಾ ಕೇಳ್ತಾ ಇದ್ದೀರೋ ಗೊತ್ತಿಲ್ಲ. ಇವತ್ತು ಶುರು ಮಾಡುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ಫೋನಿನ ಕ್ಯಾಮೆರಾ ತೆರೆದು, ಪೋರ್ಟ್ರೇಟ್ ಮೋಡ್‌ಗೆ ಹಾಕಿ, ಪಕ್ಕದಲ್ಲಿ ಯಾರು ಇದ್ದಾರೋ ಅವರ ಒಂದು ಫೋಟೊ ತೆಗೆಯಿರಿ. ಮುಖ ಸ್ಪಷ್ಟ, ಹಿಂದಿನದ್ದೆಲ್ಲ ಮಸುಕು. ಚೆಂದ ಬಂತು ಅಲ್ವಾ? ಈಗ ಕಿವಿಯ ಹತ್ತಿರ ಝೂಮ್ ಮಾಡಿ ನೋಡಿ. ನಾಲ್ಕು ಕೂದಲು ಇದ್ದ ಕಡೆ ಒಂದೂವರೆ ಉಳಿದಿರ್ತದೆ. ಕನ್ನಡಕ ಹಾಕಿದವರಾದರೆ ಕನ್ನಡಕದ ಒಂದು ಕಡ್ಡಿಯೇ ಹೋಗಿರ್ತದೆ. ಯಾಕೆಂದರೆ ಆ ಮಸುಕು ಲೆನ್ಸಿನದ್ದಲ್ಲ. ಫೋನಿನ ಲೆನ್ಸು ಬಟಾಣಿ ಕಾಳಿನಷ್ಟು, ಅದರಿಂದ ಅಷ್ಟು ಮಸುಕು ಮಾಡ್ಲಿಕ್ಕೆ ಆಗುವುದಿಲ್ಲ. ಫೋನು ಲೆಕ್ಕ ಹಾಕಿ, ಇದು ಮುಖ, ಇದು ಗೋಡೆ ಅಂತ ಅಂದಾಜು ಮಾಡಿ, ಮೇಲಿಂದ ಬಳಿದ ಮಸುಕು ಅದು.

ಆ ಲೆಕ್ಕ ಯಾವುದನ್ನು ನೋಡಿ ನಕಲು ಮಾಡ್ತದೋ, ಆ ಅಸಲಿ ಮಸುಕು ಕೊಡುವ ಒಂದು ಲೆನ್ಸು ನನ್ನ ಸೋದರಮಾವನ ಮನೆಯಲ್ಲಿ, ಮರದ ಒಂದು ಪೆಟ್ಟಿಗೆಯಲ್ಲಿ ಹದಿನೈದು ವರ್ಷ ಸುಮ್ಮನೆ ಬಿದ್ದಿತ್ತು. ಇವತ್ತಿನ ಕಥೆ ಅದರದ್ದು. ಅದು ಎಲ್ಲಿಂದ ಬಂತು, ಯಾಕೆ ನಮ್ಮಲ್ಲಿಗೇ ಬಂತು, ಈಗ ಯಾಕೆ ಎಲ್ಲರಿಗೂ ಅದು ಬೇಕಾಗಿದೆ, ಮತ್ತೆ ನಾನು ಅದನ್ನು ತುಂಬಾ ಹೊಗಳಿದ ಮೇಲೆ ಎಂತ ಆಯಿತು ಅಂತ.

ಊರು ಮಂಡೆಕೋಲು. ಸುಳ್ಯ ತಾಲೂಕು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಸುಳ್ಯದಿಂದ ಜಾಲ್ಸೂರಿಗೆ ಬಂದು ಒಳಗೆ ಹೋಗಬೇಕು. ಇನ್ನೂ ಸ್ವಲ್ಪ ಹೋದರೆ ಕೇರಳ, ಕಾಸರಗೋಡು ಜಿಲ್ಲೆ. ಅಡಿಕೆ ತೋಟ, ರಬ್ಬರ್, ಕಾಡು. ನಮ್ಮೂರಿನ ಹೆಸರು ನ್ಯೂಸಿನಲ್ಲಿ ಬಂದರೆ ಹೆಚ್ಚಾಗಿ ಅದು ಆನೆ ತೋಟಕ್ಕೆ ನುಗ್ಗಿದ ಸುದ್ದಿಗೆ. ಮಾತಾಡ್ಲಿಕ್ಕೆ ತುಳು, ಅರೆಭಾಷೆ, ಮಲೆಯಾಳ, ಕನ್ನಡ ಎಲ್ಲ ಉಂಟು. ಮಳೆ ಬಗ್ಗೆ ಹೇಳಬೇಕಾಗಿಲ್ಲ, ಆದರೆ ಈ ಕಥೆಯಲ್ಲಿ ಮಳೆಗೆ ದೊಡ್ಡ ಪಾತ್ರ ಉಂಟು, ನೆನಪಿಟ್ಟುಕೊಳ್ಳಿ.

ಮಾವ 1984ರಿಂದ ಸುಮಾರು ಇಪ್ಪತ್ತೆರಡು ವರ್ಷ ಸ್ಟುಡಿಯೊ ನಡೆಸಿದವರು. ಅವರ ಮೊದಲ ಒಳ್ಳೆಯ ಕ್ಯಾಮೆರಾ ಜೆನಿಟ್-ಇ. ರಷ್ಯಾದ್ದು. ಲೆನ್ಸು ಸೇರಿ ಹತ್ತಿರ ಹತ್ತಿರ ಒಂದು ಕಿಲೊ ತೂಕ. ಬ್ಯಾಟರಿ ಬೇಡ, ಬೆಳಕು ಅಳೆಯುವ ಮೀಟರ್ ಸೆಲೆನಿಯಂನದ್ದು, ಬೆಳಕು ಬಿದ್ದರೆ ತಾನೇ ಕೆಲಸ ಮಾಡ್ತದೆ. ಅದರ ರೇಟು ಎಷ್ಟು ಅಂತ ಮಾವನಿಗೆ ಈಗ ನೆನಪಿಲ್ಲ. ಅಜ್ಜಿಗೆ ಮಾತ್ರ ಕೊನೆಯವರೆಗೆ ನೆನಪಿತ್ತು: "ಆ ವರ್ಷದ ಒಳ್ಳೆಮೆಣಸಿನ ದುಡ್ಡು ಪೂರಾ ಆ ಡಬ್ಬಿಗೆ ಹೋಯಿತು."

ಅಜ್ಜಿಯ ಈ ಮಾತು ನಾನು ಸಾವಿರ ಸಲ ಕೇಳಿರಬಹುದು. ಅದರ ಒಳಗೆ ಒಂದು ಇತಿಹಾಸ ಉಂಟು ಅಂತ ಗೊತ್ತಾದದ್ದು ಈಗ. ಅದಕ್ಕೆ ಸ್ವಲ್ಪ ಹಿಂದೆ ಹೋಗುವ.

ಲೆನ್ಸಿನ ಮೇಲೆ ರಷ್ಯನ್ ಅಕ್ಷರದಲ್ಲಿ ಹೀಲಿಯೊಸ್ 44-2 ಅಂತ ಬರೆದಿದೆ. 58 ಮಿ.ಮೀ., ಎಫ್ 2. ಪಕ್ಕದಲ್ಲಿ ಒಂದು ಸಣ್ಣ ಗುರುತು, ಪಟ್ಟಕದ ಮೂಲಕ ಬೆಳಕಿನ ಕಿರಣ ಹಾದು ಹೋಗುವ ಚಿತ್ರ. ಅದು ಮಾಸ್ಕೊ ಹತ್ತಿರದ ಕ್ರಾಸ್ನೋಗೋರ್ಸ್ಕ್ ಕಾರ್ಖಾನೆಯ ಗುರುತು. ಆದರೆ ಲೆನ್ಸಿನ ಲೆಕ್ಕ ರಷ್ಯಾದ್ದಲ್ಲ, ಜರ್ಮನಿಯದ್ದು. ಜೇನಾ ಊರಿನ ಕಾರ್ಲ್ ಜೈಸ್ ಕಂಪನಿಯಲ್ಲಿ ವಿಲ್ಲಿ ಮೆರ್ಟೆ ಎನ್ನುವವರು 1927ರಲ್ಲಿ ಬಯೋಟಾರ್ ಎಂಬ ವಿನ್ಯಾಸ ಮಾಡಿದರು. ಅದೇ 1930ರ ದಶಕದಲ್ಲಿ ಸಣ್ಣ ಕ್ಯಾಮೆರಾಗಳಿಗೆ 58 ಮಿ.ಮೀ. ಲೆನ್ಸಾಗಿ ಬಂತು. ನಾಲ್ಕು ಗುಂಪಿನಲ್ಲಿ ಆರು ಗಾಜು.

ಮತ್ತೆ ಯುದ್ಧ. 1945ರ ಏಪ್ರಿಲ್‌ನಲ್ಲಿ ಜೇನಾಕ್ಕೆ ಮೊದಲು ಬಂದದ್ದು ಅಮೆರಿಕದ ಸೈನ್ಯ. ಆದರೆ ಮೊದಲೇ ಆದ ಒಪ್ಪಂದದ ಪ್ರಕಾರ ಆ ಭಾಗ ಸೋವಿಯತ್ತರಿಗೆ ಹೋಗಬೇಕಿತ್ತು. ಬಿಟ್ಟು ಹೋಗುವಾಗ ಅಮೆರಿಕದವರು ಜೈಸ್‌ನ ದೊಡ್ಡ ದೊಡ್ಡ ತಜ್ಞರನ್ನು ತಮ್ಮ ಕಡೆಗೆ ಕರೆದುಕೊಂಡು ಹೋದರು. ಸೋವಿಯತ್ತರು ಬಂದು ಯಂತ್ರ, ನಕ್ಷೆ, ಉಳಿದ ತಜ್ಞರು, ಎಲ್ಲ ತೆಗೆದುಕೊಂಡು ಹೋದರು. ಆಸ್ತಿ ಪಾಲಾಗುವಾಗ ಒಬ್ಬ ಅಣ್ಣ ಚಿನ್ನ ತೆಗೆದುಕೊಂಡು, ಇನ್ನೊಬ್ಬ ಪಾತ್ರೆ-ಪಗಡಿ, ಬಾಗಿಲು, ಹಂಚು ಸಮೇತ ಕೊಂಡುಹೋದ ಹಾಗೆ. ಕ್ರಾಸ್ನೋಗೋರ್ಸ್ಕ್‌ನಲ್ಲಿ ಶುರುವಿಗೆ ಈ ಲೆನ್ಸಿಗೆ ಬಿ.ಟಿ.ಕೆ. ಅಂತ ಹೆಸರು, ಅಂದರೆ ಬಯೋಟಾರ್ ಕ್ರಾಸ್ನೋಗೋರ್ಸ್ಕ್. ಮುಚ್ಚುಮರೆ ಏನಿಲ್ಲ. ಹೀಲಿಯೊಸ್ ಎಂಬ ಹೆಸರು ಆಮೇಲೆ ಬಂತು. ಜೆನಿಟ್-ಇ ಕ್ಯಾಮೆರಾ 1965ರಲ್ಲಿ ಬಂದ ಮೇಲೆ ಅದರ ಜೊತೆಗೆ ಲಕ್ಷಗಟ್ಟಲೆ ಹೀಲಿಯೊಸ್ ಹೊರಗೆ ಬಂದವು. ಪ್ರಪಂಚದಲ್ಲಿ ಅತಿ ಹೆಚ್ಚು ತಯಾರಾದ ಲೆನ್ಸುಗಳಲ್ಲಿ ಇದೂ ಒಂದು. ಅದಕ್ಕೇ ಅದು ಅಗ್ಗ.

ಈಗ ಮಂಡೆಕೋಲಿಗೆ ಹೇಗೆ ಬಂತು? ಇದು ನನಗೆ ಇಡೀ ಕಥೆಯಲ್ಲಿ ಹೆಚ್ಚು ಇಷ್ಟದ ಭಾಗ, ಸ್ವಲ್ಪ ನಿಧಾನಕ್ಕೆ ಹೇಳ್ತೇನೆ.

1991ಕ್ಕಿಂತ ಮೊದಲು ನಮ್ಮ ದೇಶದಲ್ಲಿ ಡಾಲರ್‌ಗೆ ಬರಗಾಲ. ಜಪಾನಿನ ಕ್ಯಾಮೆರಾ ತರಿಸಬೇಕಾದರೆ ಲೈಸೆನ್ಸು, ಮೇಲಿಂದ ಭಾರೀ ಸುಂಕ. ನಮ್ಮ ಕರಾವಳಿಯಲ್ಲಿ ಜಪಾನಿನ ಕ್ಯಾಮೆರಾ ನೋಡ್ಲಿಕ್ಕೆ ಸಿಕ್ಕಿದ್ದು ಗಲ್ಫಿಗೆ ಹೋದವರು ರಜೆಗೆ ಬಂದಾಗ. ಸೂಟ್‌ಕೇಸಿನಲ್ಲಿ ಸೆಂಟು, ಟೇಪ್‌ರೆಕಾರ್ಡರ್, ಒಂದು ಯಾಶಿಕಾ. ಮನೆಯಲ್ಲಿ ಗಲ್ಫಿನವರು ಇಲ್ಲದಿದ್ದರೆ? ಅವರಿಗೆ ಬೇರೆ ಒಂದು ಪ್ರಪಂಚ ಇತ್ತು. ಭಾರತ ಮತ್ತು ಸೋವಿಯತ್ ಒಕ್ಕೂಟದ ನಡುವೆ 1953ರಲ್ಲಿ ವ್ಯಾಪಾರ ಒಪ್ಪಂದ ಆಯಿತು. ಆಮೇಲೆ ಲೆಕ್ಕಾಚಾರ ರೂಪಾಯಿಯಲ್ಲೇ ಆಗುವ ವ್ಯವಸ್ಥೆ ಬಂತು. ಡಾಲರ್ ಬೇಡ. ಅವರು ಯಂತ್ರ, ಎಣ್ಣೆ, ಶಸ್ತ್ರಾಸ್ತ್ರ, ಪುಸ್ತಕ ಕೊಡುವುದು, ನಾವು ಚಹಾ, ಕಾಫಿ, ಗೇರುಬೀಜ, ಒಳ್ಳೆಮೆಣಸು ಕೊಡುವುದು. ನಮ್ಮ ಮೆಣಸಿಗೆ ಆಗ ಅತಿ ದೊಡ್ಡ ಗಿರಾಕಿಗಳಲ್ಲಿ ಸೋವಿಯತ್ ಒಕ್ಕೂಟವೂ ಒಂದು. ಪೂರ್ವ ಜರ್ಮನಿಯ ಜೊತೆಗೂ ಇದೇ ತರದ ರೂಪಾಯಿ ಲೆಕ್ಕ.

ಹಾಗಾಗಿ ಆ ಕಾಲದ ಒಂದು ಸಣ್ಣ ಊರಿನ ಸ್ಟುಡಿಯೊದ ಒಳಗೆ ಹೋಗಿ ನೋಡಿದರೆ ಅಮೆರಿಕ, ಜಪಾನ್ ಹೆಚ್ಚು ಕಾಣ್ಲಿಕ್ಕಿಲ್ಲ. ಫಿಲ್ಮು ಓರ್ವೊ, ಪೂರ್ವ ಜರ್ಮನಿಯ ವೋಲ್ಫೆನ್‌ನದ್ದು. ಅದೂ ಇಲ್ಲದಿದ್ದರೆ ಇಂದು, ಊಟಿಯ ಹಿಂದುಸ್ತಾನ್ ಫೋಟೊ ಫಿಲ್ಮ್ಸ್‌ನದ್ದು. ಆ ಸರಕಾರಿ ಕಾರ್ಖಾನೆ 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ಉತ್ಪಾದನೆ ಶುರು ಮಾಡಿತು, ಈಗ ಮುಚ್ಚಿದೆ. ಕಲಿಯುವವರ ಕೈಯಲ್ಲಿ ಆಗ್ಫಾ ಕ್ಲಿಕ್ 3, ಹೆಸರು ಜರ್ಮನ್ ಆದರೂ ತಯಾರಾದದ್ದು ಬರೋಡದಲ್ಲಿ. ಮಾವ ಕೂಡ ಮೊದಲು ಅದರಲ್ಲೇ ಶುರು ಮಾಡಿದ್ದು, ಒಂದು ರೋಲಿಗೆ ಹನ್ನೆರಡು ಫೋಟೊ. ಸ್ವಲ್ಪ ಮೇಲೆ ಬಂದವರಿಗೆ ಡ್ರೆಸ್ಡೆನ್‌ನ ಪ್ರಾಕ್ಟಿಕಾ ಅಥವಾ ರಷ್ಯಾದ ಜೆನಿಟ್.

ಅಜ್ಜಿಯ ತೋಟದ ಮೆಣಸೇ ಮಾಸ್ಕೊಗೆ ಹೋಯಿತು ಅಂತ ನಾನು ಹೇಳುವುದಿಲ್ಲ, ಸುಳ್ಯದ ಅಂಗಡಿಗೆ ಕೊಟ್ಟ ಮೇಲೆ ಅದು ಎಲ್ಲಿಗೆ ಹೋಯಿತು ಅಂತ ಯಾರು ನೋಡಿದ್ದಾರೆ? ಆದರೆ ಲೆಕ್ಕದ ಪುಸ್ತಕದಲ್ಲಿ ಒಂದು ಬದಿಗೆ ಮೆಣಸು, ಇನ್ನೊಂದು ಬದಿಗೆ ಕ್ಯಾಮೆರಾ ಇದ್ದದ್ದು ನಿಜ. ಅಜ್ಜಿ ಬೈದದ್ದು ಸರಿಯಾದ ಲೆಕ್ಕವೇ.

ಇಷ್ಟಕ್ಕೆ ಯಾಕೆ ನಾನು ತಲೆ ಕೆಡಿಸಿಕೊಂಡೆ ಅಂದರೆ, ಈ ಅಗ್ಗದ ಕ್ಯಾಮೆರಾ, ಅಗ್ಗದ ಫಿಲ್ಮು ಬರುವವರೆಗೆ ನಮ್ಮ ಕಡೆಯ ಸಾಮಾನ್ಯ ಜನರಿಗೆ ಮುಖವೇ ಇರಲಿಲ್ಲ. ಹೀಗೆ ಯೋಚನೆ ಮಾಡಿ. 1837ರ ಏಪ್ರಿಲ್‌ನಲ್ಲಿ ನಮ್ಮ ಸುಳ್ಯ ಸೀಮೆಯ ರೈತರು ಕಂಪನಿ ಸರಕಾರದ ವಿರುದ್ಧ ಎದ್ದು ಮಂಗಳೂರಿನವರೆಗೆ ಹೋದರು. ಅಮರ ಸುಳ್ಯ ದಂಗೆ. ಪ್ಯಾರಿಸ್‌ನಲ್ಲಿ ಡಾಗೇರ್ ಅವರ ಫೋಟೊ ತೆಗೆಯುವ ವಿಧಾನ ಬಹಿರಂಗ ಆದದ್ದು 1839ರಲ್ಲಿ. ಬರೀ ಎರಡು ವರ್ಷ ತಡ. ಮಂಗಳೂರಿನ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಈಗ ಉಂಟು, ನೋಡಿರಬಹುದು ನೀವು. ಅದರ ಮುಖ ಫೋಟೊ ನೋಡಿ ಮಾಡಿದ್ದಲ್ಲ, ಫೋಟೊ ಅಂತ ಒಂದು ಇರ್ಲೇ ಇಲ್ಲವಲ್ಲ.

ಆಮೇಲಾದರೂ ಎಂತ? ಮಿಷನ್‌ನವರು, ಕಲೆಕ್ಟರರು, ಅರಮನೆಯವರು, ಇವರ ಫೋಟೊಗಳು ಬಂದವು. ನಮ್ಮ ಪಕ್ಕದ ಪುತ್ತೂರಿನಲ್ಲಿ ಶಿವರಾಮ ಕಾರಂತರು 1930ರ ಸುಮಾರಿಗೆ ಡೊಮಿಂಗೊ, ಭೂತರಾಜ್ಯ ಅಂತ ಎರಡು ಮೂಕಿ ಸಿನಿಮಾಗಳನ್ನೇ ಮಾಡಿದರು. ಮಾತಿಲ್ಲದ ಸಿನಿಮಾ, ಅದೂ ಈ ಹಳ್ಳಿ ಕಡೆಯಲ್ಲಿ ಕೂತು. ನನಗೆ ಈಗಲೂ ಆಶ್ಚರ್ಯ. ಆದರೆ ಕಾರಂತರಂಥವರು ಎಷ್ಟು ಜನ? ಅಡಿಕೆ ಮರ ಹತ್ತುವವರ, ಬೀಡಿ ಕಟ್ಟುವವರ, ಗದ್ದೆಯಲ್ಲಿ ನೇಜಿ ನೆಡುವವರ ಫೋಟೊ ತೆಗೆದದ್ದು ಮಾವನ ಹಾಗಿನ ಸಣ್ಣ ಸ್ಟುಡಿಯೊದವರು. ಮದುವೆಗೆ, ಮನೆ ಒಕ್ಕಲಿಗೆ, ಶಾಲೆಯ ಗ್ರೂಪ್ ಫೋಟೊಗೆ. ಹಲವರ ಜೀವನದಲ್ಲಿ ಒಂದೇ ಒಂದು ಫೋಟೊ. 1993ರಲ್ಲಿ ಶೇಷನ್ ಅವರು ಓಟಿನ ಗುರುತುಚೀಟಿಗೆ ಫೋಟೊ ಬೇಕೇ ಬೇಕು ಅಂತ ಹಠ ಹಿಡಿದ ಮೇಲೆ ಇನ್ನೂ ಒಂದು ಸೇರಿತು, ಕಣ್ಣು ಕೆಂಪಾಗಿ, ಹೆದರಿದ ಹಾಗೆ ಕಾಣುವ ಒಂದು. ಅಷ್ಟೇ.

ಸರಿ. ಈಗ ಲೆನ್ಸಿನ ಎರಡನೇ ಜನ್ಮಕ್ಕೆ ಬರುವ.

2005-06ರ ಹೊತ್ತಿಗೆ ಮಾವನ ಸ್ಟುಡಿಯೊ ನಿಂತಿತು. ಮದುವೆಯವರಿಗೆ ಡಿಜಿಟಲ್ ಬೇಕು, ಮಾವನಿಗೆ ಹೊಸ ಕ್ಯಾಮೆರಾಕ್ಕೆ ಬಂಡವಾಳ ಇಲ್ಲ. ಜೆನಿಟ್ ಪೆಟ್ಟಿಗೆಗೆ ಹೋಯಿತು. ನಾನು ಕಾಲೇಜಿನಲ್ಲಿ ಇರುವಾಗ ಒಂದು ಸೆಕೆಂಡ್‌ಹ್ಯಾಂಡ್ ನಿಕಾನ್ ಡಿಎಸ್‌ಎಲ್‌ಆರ್ ತೆಗೆದುಕೊಂಡೆ. ಲೆನ್ಸಿಗೆ ದುಡ್ಡಿಲ್ಲ. ಮಾವನ ಹೀಲಿಯೊಸ್ ಹಾಕಿ ನೋಡುವ ಅಂತ ಒಂದು ಅಡಾಪ್ಟರ್ ತರಿಸಿದೆ. ಹತ್ತಿರದ ಹೂವು ಚೆಂದ ಬಂತು, ದೂರದ ಗುಡ್ಡ ಏನು ಮಾಡಿದರೂ ಫೋಕಸ್ ಆಗ್ಲಿಲ್ಲ. ಲೆನ್ಸು ಹಾಳಾಗಿದೆ ಅಂತ ಮತ್ತೆ ಪೆಟ್ಟಿಗೆಗೆ ಹಾಕಿದೆ. ಹಾಳಾದದ್ದು ಲೆನ್ಸು ಅಲ್ಲ, ನನ್ನ ಗಣಿತ.

ವಿಷಯ ಇಷ್ಟು. ಪ್ರತಿ ಕ್ಯಾಮೆರಾದಲ್ಲಿ ಲೆನ್ಸು ಕೂರುವ ಜಾಗದಿಂದ ಫಿಲ್ಮಿಗೆ ಅಥವಾ ಸೆನ್ಸರಿಗೆ ಒಂದು ನಿಶ್ಚಿತ ದೂರ ಇರ್ತದೆ. ಹೀಲಿಯೊಸ್ ಕೂರುವುದು ಎಮ್42 ಎಂಬ ತಿರುಪಿನಲ್ಲಿ. 1949ರಲ್ಲಿ ಡ್ರೆಸ್ಡೆನ್‌ನಲ್ಲಿ ಶುರುವಾದದ್ದು. ವ್ಯಾಸ 42 ಮಿ.ಮೀ., ಒಂದು ಸುತ್ತಿಗೆ 1 ಮಿ.ಮೀ. ಒಳಗೆ ಹೋಗ್ತದೆ. ಬಾಟಲಿ ಮುಚ್ಚಳ ತಿರುಗಿಸಿದ ಹಾಗೆ ತಿರುಗಿಸಿದರೆ ಆಯಿತು. ಜರ್ಮನ್, ರಷ್ಯನ್, ಜಪಾನಿನ ಪೆಂಟಾಕ್ಸ್, ಎಲ್ಲರೂ ಅದನ್ನೇ ಬಳಸಿದರು. ಅದರ ದೂರ 45.46 ಮಿ.ಮೀ. ನಿಕಾನ್ ಡಿಎಸ್‌ಎಲ್‌ಆರ್‌ನದ್ದು 46.5. ಒಂದು ಮಿಲಿಮೀಟರ್ ಹೆಚ್ಚು. ಲೆನ್ಸನ್ನು ಕ್ಯಾಮೆರಾದ ಒಳಗೆ ಒಂದು ಮಿಲಿಮೀಟರ್ ತಳ್ಳಿದರೆ ಮಾತ್ರ ದೂರದ್ದು ಫೋಕಸ್ ಆಗ್ತದೆ, ತಳ್ಳುವುದು ಹೇಗೆ? ಕ್ಯಾನನ್‌ನ ಹಳೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಇದು 44 ಮಿ.ಮೀ., ಅಲ್ಲಿ ಒಂದು ತೆಳು ಬಳೆ ಹಾಕಿದರೆ ಸರಿಯಾಗ್ತದೆ. ಒಂದು ಮಿಲಿಮೀಟರ್‌ನಲ್ಲಿ ನನ್ನ ಲೆನ್ಸು ನಾಲ್ಕು ವರ್ಷ ಮೂಲೆಗೆ ಬಿತ್ತು ನೋಡಿ.

ಈ ದೂರ ಇಷ್ಟು ಯಾಕೆ ಬೇಕಿತ್ತು? ಒಳಗೆ ಒಂದು ಕನ್ನಡಿ ಇರ್ತದೆ, ಫೋಟೊ ತೆಗೆಯುವಾಗ ಅದು ಟಪ್ ಅಂತ ಮೇಲೆ ಏಳಬೇಕು, ಅದಕ್ಕೆ ಜಾಗ. 2008ರಲ್ಲಿ ಪ್ಯಾನಸಾನಿಕ್ ಜಿ1 ಬಂತು, ಕನ್ನಡಿ ಇಲ್ಲದ್ದು. 2010ರಲ್ಲಿ ಸೋನಿಯ ನೆಕ್ಸ್, 2013ರಲ್ಲಿ ದೊಡ್ಡ ಸೆನ್ಸರಿನ ಎ7. ಕನ್ನಡಿ ಹೋದ ಮೇಲೆ ದೂರ ಸೋನಿಯಲ್ಲಿ 18 ಮಿ.ಮೀ.ಗೆ ಇಳಿಯಿತು. ಆಮೇಲೆ 2018ರಲ್ಲಿ ಬಂದ ಕ್ಯಾನನ್ ಆರ್‌ಎಫ್ 20, ನಿಕಾನ್ ಝೆಡ್ 16. ಈಗ 45.46ರಲ್ಲಿ 18 ಕಳೆಯಿರಿ. ಉಳಿದ 27.46 ಮಿ.ಮೀ. ಉದ್ದದ ಒಂದು ಖಾಲಿ ಕೊಳವೆ ಸಾಕು. ಗಾಜಿಲ್ಲ, ಚಿಪ್ಪಿಲ್ಲ, ಅಲ್ಯುಮಿನಿಯಂ ತುಂಡು. ನಾನು ತೆಗೆದುಕೊಂಡದ್ದು 800 ರೂಪಾಯಿಗೆ. ಪ್ರಪಂಚದ ಅಟ್ಟಗಳಲ್ಲಿ ಬಿದ್ದಿದ್ದ ಹಳೆಯ ಲೆನ್ಸುಗಳಿಗೆಲ್ಲ ಒಂದೇ ಸಲ ಜೀವ ಬಂದದ್ದು ಈ ಕಳೆಯುವ ಲೆಕ್ಕದಿಂದ.

ಬಳಸುವುದು ಕಷ್ಟ ಇಲ್ಲ. ಮೆನುವಿನಲ್ಲಿ ಲೆನ್ಸು ಇಲ್ಲದೆಯೂ ಶಟರ್ ಬಿಡಬಹುದು ಎನ್ನುವ ಆಯ್ಕೆ ಆನ್ ಮಾಡಬೇಕು, ಇಲ್ಲದಿದ್ದರೆ ಲೆನ್ಸೇ ಇಲ್ಲ ಅಂತ ಕ್ಯಾಮೆರಾ ಹಠ ಮಾಡ್ತದೆ. ಫೋಕಸ್ ಕೈಯಲ್ಲೇ. ಫೋಕಸ್ ಆದ ಅಂಚಿಗೆ ಬಣ್ಣ ತೋರಿಸುವ ಪೀಕಿಂಗ್ ಅಂತ ಉಂಟು, ಅದು ಹಾಕಿಕೊಳ್ಳಿ. ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ 58 ಮಿ.ಮೀ. ಲೆನ್ಸು ಸುಮಾರು 87ರ ಹಾಗೆ ಕಾಣ್ತದೆ, ಮುಖದ ಫೋಟೊಗೆ ಒಳ್ಳೆಯದೇ.

ಮತ್ತೆ ಎಫ್ 2ರಲ್ಲಿ ತೆಗೆದರೆ ಎಂತ ಆಗ್ತದೆ ಅಂದರೆ, ಮಧ್ಯದಲ್ಲಿ ಮುಖ ಸ್ಪಷ್ಟ, ಹಿಂದೆ ಎಲೆಗಳ ನಡುವಿನ ಬೆಳಕಿನ ಚುಕ್ಕಿಗಳೆಲ್ಲ ಮೂಲೆಗೆ ಹೋದ ಹಾಗೆ ಓರೆಯಾಗಿ, ಸುತ್ತ ತಿರುಗಿದ ಹಾಗೆ ಕಾಣ್ತವೆ. ನೀರಿನ ಸುಳಿಯ ಹಾಗೆ. ಅಡಿಕೆ ತೋಟದಲ್ಲಿ ಇದು ಬಹಳ ಚೆಂದ, ಯಾಕೆಂದರೆ ಮೇಲೆ ಸೋಗೆಯ ಎಡೆಯಲ್ಲಿ ಬೆಳಕಿನ ಚುಕ್ಕಿ ಬೇಕಾದಷ್ಟು. ಸತ್ಯ ಹೇಳಬೇಕಾದರೆ ಇದು ಲೆನ್ಸಿನ ದೋಷ. ಮೂಲೆಯನ್ನು ಸರಿಮಾಡ್ಲಿಕ್ಕೆ ಆ ಕಾಲದ ವಿನ್ಯಾಸದಲ್ಲಿ ಆಗಲಿಲ್ಲ ಅಷ್ಟೇ. ಆದರೆ ಈಗ ಅದೇ ಫ್ಯಾಶನ್. 2022ರ ದಿ ಬ್ಯಾಟ್‌ಮ್ಯಾನ್ ಸಿನಿಮಾದ ಕೆಲವು ದೃಶ್ಯಗಳಿಗೂ ಹೀಲಿಯೊಸ್ ಬಳಸಿದ್ದಾರೆ. ಗುಜರಿ ರೇಟಿಗೆ ಸಿಗುತ್ತಿದ್ದದ್ದು ಈಗ ಹಲವು ಸಾವಿರ ಆಗಿದೆ. ನನ್ನ ಇನ್‌ಸ್ಟಾಗ್ರಾಮ್‌ನಲ್ಲಿ ಹೆಚ್ಚು ಲೈಕ್ ಬಂದ ಫೋಟೊಗಳೆಲ್ಲ ಆ ಸುಳಿಯದ್ದೇ. ದೋಷವನ್ನೇ ನಾನು "ಕ್ಯಾರೆಕ್ಟರ್" ಅಂತ ಕ್ಯಾಪ್ಷನ್ ಹಾಕ್ತಿದ್ದೆ.

ಕೊಳ್ಳುವವರಿಗೆ ಒಂದು ಮಾತು, ನಾನು ಕೈ ಸುಟ್ಟುಕೊಂಡ ಮೇಲೆ ಕಲಿತದ್ದು. ಆನ್‌ಲೈನ್‌ನಲ್ಲಿ ಇನ್ನೊಂದು ಹಳೆಯ ಲೆನ್ಸು ತರಿಸಿದೆ, "ಕ್ಲೀನ್ ಪೀಸ್" ಅಂತ ಬರೆದಿತ್ತು. ಬಂದದ್ದರ ಒಳಗೆ ಜೇಡರ ಬಲೆ ಕಟ್ಟಿದ ಹಾಗೆ ಬೂಷ್ಟು. ಬೂಷ್ಟು ನಮ್ಮ ಕಡೆಯ ದೊಡ್ಡ ಶತ್ರು. ಗಾಳಿಯಲ್ಲಿ ತೇವ ಶೇಕಡಾ 70 ದಾಟಿ ಹಾಗೇ ನಿಂತರೆ ಗಾಜಿನ ಮೇಲೆ ಬೂಷ್ಟು ಬೆಳೆಯಲು ಅಷ್ಟೇ ಸಾಕು. ಸುಳ್ಯದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆಯೇ ಒಣಗುವುದಿಲ್ಲ, ಇನ್ನು ಲೆನ್ಸು? ಬೂಷ್ಟಿನಿಂದ ಬರುವ ಆಮ್ಲ ಗಾಜಿನ ಮೇಲಿನ ಲೇಪವನ್ನು ತಿಂದು ಹಾಕ್ತದೆ, ಆಮೇಲೆ ಎಷ್ಟು ಒರೆಸಿದರೂ ಗುರುತು ಹೋಗುವುದಿಲ್ಲ. ಹಾಗಾಗಿ ತೆಗೆದುಕೊಳ್ಳುವ ಮೊದಲು ಒಂದು ಕಡೆಯಿಂದ ಫೋನಿನ ಟಾರ್ಚ್ ಹಾಕಿ ಇನ್ನೊಂದು ಕಡೆಯಿಂದ ನೋಡಿ. ಕೈಯಲ್ಲಿ ಹಿಡಿದು ನೋಡ್ಲಿಕ್ಕೆ ಆಗದಿದ್ದರೆ ಟಾರ್ಚ್ ಹಾಕಿದ ವೀಡಿಯೊ ಕೇಳಿ. ಕೊಡ್ಲಿಕ್ಕೆ ಮನಸ್ಸಿಲ್ಲದವರಿಂದ ತೆಗೆದುಕೊಳ್ಳಬೇಡಿ.

ಮಾವನ ಹೀಲಿಯೊಸ್‌ಗೆ ಯಾಕೆ ಬೂಷ್ಟು ಹಿಡಿಯಲಿಲ್ಲ? ಮಾವ ಪೆಟ್ಟಿಗೆಯ ಒಳಗೆ ಒಂದು ಸಣ್ಣ ಬಲ್ಬು ಇಟ್ಟಿದ್ದರು. ಮಳೆಗಾಲ ಪೂರ್ತಿ ಅದು ಉರಿಯುತ್ತಿತ್ತು. ಸ್ಟುಡಿಯೊ ಮುಚ್ಚಿದ ಮೇಲೂ, ಪ್ರತಿ ವರ್ಷ. ಕರೆಂಟು ಬಿಲ್ಲಿಗೆ ಅತ್ತೆ ಬೈದರೂ.

ಆದರೆ ಆ ಪೆಟ್ಟಿಗೆಯಲ್ಲಿ ಕ್ಯಾಮೆರಾಕ್ಕೆ ಮಾತ್ರ ಜಾಗ. ನೆಗೆಟಿವ್‌ಗಳು ಇದ್ದದ್ದು ತಗಡಿನ ಟ್ರಂಕಿನಲ್ಲಿ, ಬೇರೆ ಕೋಣೆಯಲ್ಲಿ.

ಹೋದ ವರ್ಷ ಮಾವಿನಕಾಯಿ ಸಮಯದಲ್ಲಿ ಊರಿನ ಒಬ್ಬರು ಅಕ್ಕ ಮನೆಗೆ ಬಂದರು. ಅವರ ಅಪ್ಪ ತೀರಿಹೋದಾಗ ಅವರಿಗೆ ಎರಡು ವರ್ಷ. ಅಪ್ಪನದ್ದು ಅಂತ ಇದ್ದದ್ದು ಒಂದು ಮದುವೆಯ ಗ್ರೂಪ್ ಫೋಟೊ ಮಾತ್ರ, ಅದನ್ನೂ ಗೆದ್ದಲು ತಿಂದಿತ್ತು. "ಅಣ್ಣ, ನೀವೇ ತೆಗೆದದ್ದಂತೆ, ಅಮ್ಮ ಹೇಳ್ತಿದ್ರು. ನೆಗೆಟಿವ್ ಉಂಟಾ?" ಅಂತ ಮಾವನನ್ನು ಕೇಳಿದರು.

ಮಾವನ ಹತ್ತಿರ ರಿಜಿಸ್ಟರ್ ಇತ್ತು. ತಾರೀಕು, ಮನೆಯ ಹೆಸರು, ರೋಲಿನ ನಂಬರು. 1987ರ ಮೇ. ಟ್ರಂಕು ತೆರೆದಾಗ ಮೂಗಿಗೆ ಹುಳಿ ವಾಸನೆ ಹೊಡೆಯಿತು, ವಿನೆಗರಿನ ಹಾಗೆ. ಫಿಲ್ಮಿನ ಅಸಿಟೇಟ್ ಹಾಳಾಗ್ಲಿಕ್ಕೆ ಶುರುವಾದರೆ ಆ ವಾಸನೆ ಬರ್ತದೆ. ಒಮ್ಮೆ ಶುರುವಾದರೆ ನಿಲ್ಲಿಸ್ಲಿಕ್ಕೆ ಆಗುವುದಿಲ್ಲ, ನಿಧಾನ ಮಾಡಬಹುದು ಅಷ್ಟೇ. ಕೆಲವು ಪಟ್ಟಿಗಳು ಒಂದಕ್ಕೊಂದು ಅಂಟಿ ಹಪ್ಪಳದ ಹಾಗೆ ಆಗಿದ್ದವು. ನಮಗೆ ಬೇಕಾದ ರೋಲು ಸಿಕ್ಕಿತು, ಅಂಚು ಸುರುಟಿತ್ತು, ಚಿತ್ರ ಇತ್ತು.

ಸ್ಕ್ಯಾನರ್ ಇಲ್ಲ. ನಾನು ಹೀಲಿಯೊಸ್ ತೆಗೆದೆ. ಕೆಳಗೆ ಟ್ಯಾಬಿನ ಬಿಳಿ ಪರದೆ, ಮೇಲೆ ನೆಗೆಟಿವ್, ಲೆನ್ಸಿನ ಹಿಂದೆ ಎಕ್ಸ್‌ಟೆನ್ಶನ್ ಟ್ಯೂಬ್ ಹಾಕಿ ಹತ್ತಿರದಿಂದ ತೆಗೆಯುವುದು. ಅದೇ ಲೆನ್ಸಿನಿಂದ ತೆಗೆದ ಫೋಟೊವನ್ನು ಅದೇ ಲೆನ್ಸಿನಿಂದ ಮತ್ತೆ ತೆಗೆಯುವುದು ಅಂತ ನನಗೆ ಒಳಗೊಳಗೆ ಖುಷಿ. ರೀಲ್ಸ್‌ಗೆ ಕೂಡ ಒಳ್ಳೆ ವಿಷಯ. ಬಂದದ್ದು ನೋಡಿದರೆ ಮಧ್ಯದ ಮದುಮಕ್ಕಳು ಚೆಂದ, ಮೂಲೆ ಪೂರಾ ಗಂಜಿ. ಆ ಅಕ್ಕನ ಅಪ್ಪ ನಿಂತದ್ದು ಬಲಗಡೆಯ ಕೊನೆಗೆ.

ಮಾವ ಕನ್ನಡಕ ಏರಿಸಿ ನೋಡಿ ನಕ್ಕರು. "ಇದರಲ್ಲಿ ಮೂಲೆ ಯಾವತ್ತು ಶಾರ್ಪ್ ಬಂದದ್ದು ಮಾರಾಯ? ಎನ್ಲಾರ್ಜರ್ ಉಂಟಲ್ಲ, ಅದರ ಲೆನ್ಸು ಬಿಚ್ಚು."

ನನಗೆ ಅದು ಹೊಳೆದೇ ಇರಲಿಲ್ಲ. ನೆಗೆಟಿವ್‌ನಿಂದ ಪ್ರಿಂಟ್ ಹಾಕುವ ಯಂತ್ರದ ಲೆನ್ಸು, 50 ಮಿ.ಮೀ. ಅದರ ಕೆಲಸವೇ ಚಪ್ಪಟೆ ಕಾಗದದ ಮೇಲೆ ಮೂಲೆಯಿಂದ ಮೂಲೆಗೆ ಒಂದೇ ಸಮ ಬರುವ ಹಾಗೆ ಬೀಳಿಸುವುದು. ಯಾರೂ ಅದನ್ನು ಇನ್‌ಸ್ಟಾಗ್ರಾಮ್‌ನಲ್ಲಿ ಹಾಕುವುದಿಲ್ಲ, ಅದರಲ್ಲಿ ಸುಳಿ ಬರುವುದಿಲ್ಲ. ಅದರ ತಿರುಪು 39 ಮಿ.ಮೀ., ಒಂದು ಸಣ್ಣ ಬಳೆ ಹಾಕಿದರೆ ಎಮ್42 ಟ್ಯೂಬಿಗೆ ಕೂರ್ತದೆ. ಎನ್ಲಾರ್ಜರ್‌ನ ತಲೆ ತೆಗೆದು ಅದರ ಕಂಬಕ್ಕೇ ಕ್ಯಾಮೆರಾ ಕಟ್ಟಿದೆವು, ಅಲುಗಾಡುವುದಿಲ್ಲ. ಟ್ಯಾಬಿನ ಪರದೆಯ ಚುಕ್ಕಿ ಕಾಣಬಾರದು ಅಂತ ನಡುವೆ ಬೋರ್ಡ್ ಮಾಡುವವರ ಹತ್ತಿರದಿಂದ ತಂದ ಹಾಲುಬಿಳಿ ಅಕ್ರಿಲಿಕ್ ತುಂಡು. ಎಫ್ 8, ಐಎಸ್‌ಒ 100, ಎರಡು ಸೆಕೆಂಡಿನ ಟೈಮರ್.

ಈ ಸಲ ಫಿಲ್ಮಿನ ಒಂದೊಂದು ಕಣವೂ ಮೂಲೆಯವರೆಗೆ ಚುಚ್ಚಿದ ಹಾಗೆ ಬಂತು. ಮುಖ ಮಾತ್ರ ಬರಲಿಲ್ಲ.

ಕಣ ಸ್ಪಷ್ಟ, ಮುಖ ಮಸುಕು. ಅಂದರೆ ಮಸುಕು ನೆಗೆಟಿವ್‌ನಲ್ಲೇ ಇದ್ದದ್ದು. ಮಾವ ತುಂಬಾ ಹೊತ್ತು ಸ್ಕ್ರೀನ್ ನೋಡ್ತಾ ಕೂತರು. ಆಮೇಲೆ ಹೇಳಿದರು, ಆ ದಿನ ದಿಬ್ಬಣ ತಡವಾಗಿ ಬಂದಿತ್ತು, ಗ್ರೂಪ್ ಫೋಟೊ ತೆಗೆಯುವಾಗ ಸೂರ್ಯ ಗುಡ್ಡದ ಹಿಂದೆ ಹೋಗಿದ್ದ, ಒಳಗೆ ಇದ್ದದ್ದು 125ರ ಓರ್ವೊ ಫಿಲ್ಮು. ಫ್ಲ್ಯಾಷ್ ಅಷ್ಟು ಜನರಿಗೆ ಸಾಲುವುದಿಲ್ಲ. ಲೆನ್ಸು ಪೂರ್ತಿ ತೆರೆದು, ಎಫ್ 2ರಲ್ಲಿ ತೆಗೆದರು. "ಗೊತ್ತಿತ್ತು ನನಗೆ, ಕೊನೆಯಲ್ಲಿ ನಿಂತವರು ಸರಿ ಬರುವುದಿಲ್ಲ ಅಂತ. ಮದುಮಕ್ಕಳು ಬಂದರೆ ಸಾಕು, ದುಡ್ಡು ಕೊಡುವುದು ಅವರಲ್ವಾ ಅಂತ ಅಂದುಕೊಂಡೆ."

ಯಾವ ಮೂಲೆಗೆ ನಾನು ಕ್ಯಾರೆಕ್ಟರ್ ಅಂತ ಹೆಸರಿಟ್ಟಿದ್ದೆನೋ, ಅದೇ ಮೂಲೆ. ಅವರ ಹಿಂದೆ ಮಾವಿನ ಮರದ ಎಲೆಗಳು ಸುಳಿಯ ಹಾಗೆ ತಿರುಗಿದ್ದವು, ಅವರ ಮುಖವೂ ಸ್ವಲ್ಪ ಅದರ ಜೊತೆಗೆ ಹೋಗಿತ್ತು.

ನಾನು ಇನ್ನೊಂದು ಕೆಲಸ ಮಾಡಿದೆ, ಅದನ್ನೂ ಹೇಳಿಬಿಡ್ತೇನೆ. ನಿಮ್ಮೆಲ್ಲರ ಫೋನಿನಲ್ಲೂ ಇರಬಹುದಾದ ಒಂದು ಎಐ ಆ್ಯಪಿಗೆ ಆ ಮುಖ ಹಾಕಿದೆ. ಹತ್ತು ಸೆಕೆಂಡಿನಲ್ಲಿ ಕಣ್ಣು, ರೆಪ್ಪೆ, ಮೀಸೆ, ಎಲ್ಲ ಹೊಳೆಯುವ ಹಾಗೆ ಬಂತು. ಚೆಂದದ ಗಂಡಸು. ಮಾವನಿಗೆ ತೋರಿಸಿದೆ. ಮಾವ ಆ ಅಕ್ಕನ ಅಪ್ಪನ ಜೊತೆ ವಾಲಿಬಾಲ್ ಆಡಿದವರು.

"ಇದು ಯಾರು?" ಅಂತ ಕೇಳಿದರು.

ಅಳಿಸಿದೆ. ಆ ಅಕ್ಕನಿಗೆ ಕೊಟ್ಟದ್ದು ಮಸುಕು ಇದ್ದ ಹಾಗೇ ಇರುವ ಪ್ರಿಂಟ್, ಅವರ ಅಪ್ಪ ಪೂರ್ತಿ ಕಾಣುವ ಹಾಗೆ ಸ್ವಲ್ಪ ದೊಡ್ಡದು ಮಾಡಿ. ಅವರು ಮುಖ ಹೆಚ್ಚು ಹೊತ್ತು ನೋಡಲಿಲ್ಲ. ಒಂದು ಕೈ ಸೊಂಟದ ಮೇಲೆ, ಇನ್ನೊಂದರಲ್ಲಿ ಯಾರದ್ದೋ ಸಣ್ಣ ಮಗುವಿನ ಕೈ. ಮಗುವಿನ ಮುಖವೂ ಮಸುಕು. "ನಮ್ಮ ಅಣ್ಣನೂ ಸೊಂಟಕ್ಕೆ ಕೈ ಇಟ್ಟು ಹೀಗೇ ನಿಲ್ಲುವುದು," ಅಂತ ಹೇಳಿದರು. ಮತ್ತೆ ಕೇಳಿದರು, "ಈ ಮಗು ನಾನಾ?"

ಮಾವನಿಗೆ ನೆನಪಿಲ್ಲ. ಮದುವೆಯ ತಾರೀಕಿಗೆ ಅವರಿಗೆ ಒಂದೂವರೆ ವರ್ಷ ಆಗಿರಬೇಕು, ಲೆಕ್ಕ ಸರಿ ಬರ್ತದೆ. ಅದೇ ರೋಲಿನಲ್ಲಿ ಊಟದ ಪಂಕ್ತಿಯ ನಾಲ್ಕು ಫೋಟೊ ಉಂಟು, ಆದರೆ ಆ ಪಟ್ಟಿ ಪಕ್ಕದ ಪಟ್ಟಿಗೆ ಅಂಟಿದೆ. ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ ಬಿಡಿಸಬಹುದು, ಬಿಡಿಸುವಾಗ ಚಿತ್ರವೇ ಎದ್ದು ಬರುವುದೂ ಉಂಟು. ಬೇರೆ ಎರಡು ಪಟ್ಟಿಯಲ್ಲಿ ಪ್ರಯತ್ನ ಮಾಡಿದೆವು, ಒಂದು ಉಳಿಯಿತು, ಒಂದು ಹೋಯಿತು. ಇದನ್ನು ಇನ್ನೂ ಮುಟ್ಟಲಿಲ್ಲ. ಆ ಅಕ್ಕ ನೋಡ್ತಾ ಇರುವಾಗಲೇ ಮಾಡುವ ಅಂತ ಮಾವ ಹೇಳಿದ್ದಾರೆ. ಹೋದರೆ ಅವರ ಕಣ್ಣೆದುರೇ ಹೋಗಲಿ ಅಂತ.

ಟ್ರಂಕಿನಲ್ಲಿ ಅರ್ಧ ಮುಗಿದಿದೆ. ಮುಗಿದದ್ದೆಲ್ಲ ಈಗ ಬಲ್ಬಿನ ಪೆಟ್ಟಿಗೆಯಲ್ಲಿ ಉಂಟು, ಹೀಲಿಯೊಸ್ ಹೊರಗೆ ಬಂದಿದೆ, ಜಾಗ ಸಾಲುವುದಿಲ್ಲ. ನಿಮ್ಮ ಊರಿನಲ್ಲಿ ಮುಚ್ಚಿದ ಸ್ಟುಡಿಯೊ ಇದ್ದರೆ, ಅವರ ಟ್ರಂಕು ಎಲ್ಲಿದೆ ಅಂತ ಒಂದು ಸಲ ಕೇಳಿ ನೋಡಿ. ಮೂಗು ಹಾಕಿ ನೋಡಿ, ಹುಳಿ ವಾಸನೆ ಬರ್ತದಾ ಅಂತ. ಮಳೆ ಶುರುವಾಗ್ಲಿಕ್ಕೆ ಇನ್ನು ಆರು ವಾರ ಉಂಟು.